‘ಸೆಲ್ ಅಡ್‌ಹೀಷನ್ ಮಾಲಿಕ್ಯೂಲ್’ಗೆ ಕನ್ನಡದಲ್ಲಿ ಏನನ್ನೋಣ? ‘ಅಂಟು’ ಸಾಕಾ, ‘ಕೊಂಡಿ’ ಬೇಕಾ?

ಎಲ್ಲರಿಗೂ ನಮಸ್ಕಾರ.

ಕ್ಯಾನ್ಸರ್ ಒಂದು ಅಂಗದಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ ಅನ್ನುವುದರ ಬಗ್ಗೆ ಸಾಮಾನ್ಯ ಓದುಗರಿಗಾಗಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಅದರಲ್ಲಿ ಮತ್ತೆ ಮತ್ತೆ ಬರುವ ಮಾತು ‘ಸೆಲ್ ಅಡ್‌ಹೀಷನ್ ಮಾಲಿಕ್ಯೂಲ್’. ಜೀವಕೋಶದ ಮೈಮೇಲಿರುವ ಒಂದು ಬಗೆಯ ಪ್ರೋಟೀನುಗಳಿಗೆ ಈ ಹೆಸರು. ಒಂದು ಕೋಶ ಪಕ್ಕದ ಕೋಶವನ್ನೋ, ತಾನು ಕೂತಿರುವ ತಳವನ್ನೋ ಹಿಡಿದುಕೊಳ್ಳುವುದು ಇವುಗಳಿಂದ. ಇದಕ್ಕೆ ಓದುಗರ ಬಾಯಲ್ಲಿ ನಿಲ್ಲುವಂಥ ಕನ್ನಡ ಪದ ಯಾವುದು ಅನ್ನುವುದು ನನ್ನ ಪ್ರಶ್ನೆ. ಮೊದಲು ನಾನು ಎಲ್ಲಿಗೆ ಬಂದು ನಿಂತಿದ್ದೇನೆ ಅಂತ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

‘ಸೆಲ್’ ಬಗ್ಗೆ ತಕರಾರಿಲ್ಲ. ‘ಜೀವಕೋಶ’ ಎಲ್ಲರಿಗೂ ಗೊತ್ತು, ಸಮಾಸದಲ್ಲಿ ‘ಕೋಶ’ ಸಾಕು. ‘ಮಾಲಿಕ್ಯೂಲ್’ಗೆ ‘ಅಣು’ ಇದೆ. ಆದರೆ ‘ಅಣುಬಾಂಬ್’ ಕೇಳಿದವರಿಗೆ ಅಣು ಎಂದರೆ ಪರಮಾಣು, ‘ರೋಗಾಣು’ ಕೇಳಿದವರಿಗೆ ಅದು ಕ್ರಿಮಿ. ಕ್ಯಾನ್ಸರ್ ಬರಹದಲ್ಲಿ ಎರಡೂ ದಾರಿ ತಪ್ಪಿಸುತ್ತವೆ. ನನ್ನ ಪ್ರಕಾರ ಇಲ್ಲಿ ‘ಅಣು’ವನ್ನು ಬಿಟ್ಟೇಬಿಡಬಹುದು. ಉಳಿದ ಪದ ಸರಿಯಾಗಿದ್ದರೆ ಅದರ ಕೊರತೆ ಕಾಣುವುದಿಲ್ಲ.

ಕಷ್ಟ ಇರುವುದು ‘ಅಡ್‌ಹೀಷನ್’ನಲ್ಲಿ. ಸಂಸ್ಕೃತದಿಂದ ‘ಆಸಂಜನ’ ಅಂತ ತರಬಹುದು, ಆದರೆ ಮರುಸಾಲಿನಲ್ಲೇ ಅದಕ್ಕೆ ಅರ್ಥ ಬರೆಯಬೇಕಾಗುತ್ತದೆ. ಹಾಗಾಗಿ ಎಲ್ಲರ ಕೈಗೂ ಮೊದಲು ಸಿಗುವುದು ‘ಅಂಟು’. ‘ಅಂಟು ಅಣು’, ‘ಕೋಶದ ಅಂಟು’, ‘ಅಂಟುವ ಪ್ರೋಟೀನು’ ಹೀಗೆ. ಕೇಳಲು ಸಲೀಸು, ಅಚ್ಚಗನ್ನಡ. ಆದರೂ ನನಗೆ ಇದು ಬೇಡ ಅನ್ನಿಸಿದೆ.

ಒಂದು ಕಾರಣ ನಿಮಗೆ ಆಗಲೇ ಹೊಳೆದಿರಬೇಕು: ಅಂಟುರೋಗ, ಅಂಟುಜಾಡ್ಯ. ನಮ್ಮ ಭಾಷೆಯಲ್ಲಿ ಕಾಯಿಲೆಯ ಪಕ್ಕದಲ್ಲಿ ‘ಅಂಟು’ ಬಂದರೆ ಅದು ಒಬ್ಬರಿಂದ ಇನ್ನೊಬ್ಬರಿಗೆ ತಗಲುವುದೇ. ‘ಕ್ಯಾನ್ಸರ್ ಹರಡುವುದರಲ್ಲಿ ಅಂಟು ಅಣುಗಳ ಪಾತ್ರ’ ಅಂತ ತಲೆಬರಹ ಕೊಟ್ಟು ನೋಡಿ. ಹತ್ತರಲ್ಲಿ ಐದು ಜನ ರೋಗಿಯಿಂದ ಒಂದಡಿ ದೂರ ಕೂರುತ್ತಾರೆ. ಗಡ್ಡೆ ಹಾಗೆ ಜೊತೆಯಲ್ಲಿರುವವರಿಗೆ ತಗಲುವುದಿಲ್ಲ. ಎಚ್‌ಪಿವಿಯಂಥ ಕೆಲವು ವೈರಸ್‌ಗಳು ಒಬ್ಬರಿಂದೊಬ್ಬರಿಗೆ ದಾಟುತ್ತವೆ, ಮುಂದೆ ಅವು ಕ್ಯಾನ್ಸರ್‌ಗೆ ಕಾರಣವಾಗಬಹುದು, ನಿಜ. ಆದರೆ ಅದು ಬೇರೆಯೇ ವಿಷಯ. ಹೆದರಿದ ಮನೆಯವರ ಮುಂದೆ ಈ ಎರಡನ್ನೂ ಒಂದೇ ಪದದಲ್ಲಿ ಕಲಸಿಡುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನೊಂದು ತೊಡಕು ವೈದ್ಯರಿಂದಲೇ ಬರುತ್ತದೆ. ಹೊಟ್ಟೆಯ ಆಪರೇಷನ್ ಆದಮೇಲೆ ಒಳಗಿನ ಗಾಯ ಮಾಗುವಾಗ ಕರುಳು ಒಂದಕ್ಕೊಂದು ಕಚ್ಚಿಕೊಳ್ಳುತ್ತದಲ್ಲ, ಅದನ್ನೂ ಅವರು ‘ಅಡ್‌ಹೀಷನ್’ ಎನ್ನುತ್ತಾರೆ. ಕನ್ನಡದಲ್ಲಿ ‘ಕರುಳು ಅಂಟಿಕೊಂಡಿದೆ’ ಅಂತ ಹೇಳುತ್ತೇವೆ. ಅದು ಗಾಯದ ಕಲೆಯ ನಾರಿನ ಕೆಲಸ. ಕೋಶದ ಪ್ರೋಟೀನಿನ ಹಿಡಿತಕ್ಕೂ ಅದಕ್ಕೂ ಹೆಸರು ಒಂದೇ, ಸಂಗತಿ ಬೇರೆ.

ಇವೆರಡಕ್ಕಿಂತ ದೊಡ್ಡ ತೊಂದರೆ ಅಂಟು ಅನ್ನುವುದು ಲೆಕ್ಕ ಹಾಕುವ ವಸ್ತುವಲ್ಲ ಅನ್ನುವುದು. ಒಂದು ಅಂಟು, ಎರಡು ಅಂಟು ಅಂತ ಯಾರೂ ಎಣಿಸುವುದಿಲ್ಲ. ಅದನ್ನು ಬಳಿಯುತ್ತೇವೆ. ಬಳಿದದ್ದು ಏನು ಸಿಕ್ಕಿದರೂ ಹಿಡಿಯುತ್ತದೆ, ಒಮ್ಮೆ ಒಣಗಿದರೆ ಬಿಡುವುದಿಲ್ಲ. ಈ ಪ್ರೋಟೀನುಗಳ ಗುಣ ಇದಕ್ಕೆ ಪೂರ್ತಿ ಉಲ್ಟಾ. ಒಂದೊಂದೂ ಬಿಡಿಬಿಡಿ. ಯಾರನ್ನು ಹಿಡಿಯಬೇಕು ಅಂತ ಆರಿಸಿ ಹಿಡಿಯುತ್ತದೆ. ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಕ್ಯಾನ್ಸರ್ ಊರೂರು ಸುತ್ತುವುದರ ಗುಟ್ಟೆಲ್ಲ ಇರುವುದು ಈ ಬಿಟ್ಟು ಹಿಡಿಯುವ ಆಟದಲ್ಲೇ. ಪದ ಅದನ್ನು ಮುಚ್ಚಿಹಾಕಬಾರದು ಅಲ್ವಾ?

ಕ್ಯಾಡ್‌ಹೆರಿನ್ ಎಂಬ ಇಂಥ ಒಂದು ಪ್ರೋಟೀನನ್ನೇ ತೆಗೆದುಕೊಳ್ಳಿ. (ಕಾಗುಣಿತದ ಬಗ್ಗೆ ಒಂದು ಮಾತು: ಇದನ್ನು ‘ಕ್ಯಾಧೆರಿನ್’ ಅಂತ ಬರೆಯುವವರಿದ್ದಾರೆ. ಕ್ಯಾಲ್ಸಿಯಂನ ‘ಕ್ಯಾ’, ಅಂಟುವುದು ಎಂಬರ್ಥದ ‘ಅಡ್‌ಹಿಯರ್’ ಎರಡೂ ಸೇರಿ ಆದ ಹೆಸರು ಇದು. ಡಕಾರ, ಹಕಾರ ಬೇರೆ ಬೇರೆ ನಿಲ್ಲಬೇಕು.) ಜಪಾನಿನ ಮಸಾತೋಶಿ ತಾಕೇಯಿಚಿ 1970ರ ದಶಕದಲ್ಲಿ, ಕೋಶಗಳು ಪರಸ್ಪರ ಹಿಡಿದುಕೊಳ್ಳುವ ಒಂದು ಬಗೆಗೆ ಕ್ಯಾಲ್ಸಿಯಂ ಬೇಕೇ ಬೇಕು ಎಂದು ಕಂಡುಕೊಂಡರು. 1984ರಲ್ಲಿ ಈ ಹೆಸರು ಬಂತು. ಕ್ಯಾಡ್‌ಹೆರಿನ್ ಕೋಶದ ಹೊರಗೆ ಐದು ಗೆಣ್ಣುಗಳಂತೆ ಚಾಚಿರುತ್ತದೆ. ಗೆಣ್ಣು ಗೆಣ್ಣಿನ ಸಂದಿಯಲ್ಲಿ ಕ್ಯಾಲ್ಸಿಯಂ ಕೂತರೆ ಅದು ಸೆಟೆದು ನಿಲ್ಲುತ್ತದೆ. ಆಗ ಎದುರು ಕೋಶದಿಂದ ಚಾಚಿದ ಇನ್ನೊಂದು ಕ್ಯಾಡ್‌ಹೆರಿನ್‌ನ ತುದಿಗೆ ಸಿಕ್ಕಿಕೊಳ್ಳುತ್ತದೆ. ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಂದ ಕ್ಯಾಲ್ಸಿಯಂ ತೆಗೆದುಬಿಟ್ಟರೆ ಚಪ್ಪಟೆಯಾಗಿ ಹಾಸಿಕೊಂಡಿದ್ದ ಹಾಳೆ ಮೊದಲು ಅಂಚುಗಳಲ್ಲಿ ಬಿರುಕು ಬಿಡುತ್ತದೆ. ಆಮೇಲೆ ಒಂದೊಂದು ಕೋಶವೂ ದುಂಡಗಾಗಿ ಪಕ್ಕದವರಿಂದ ಸರಿಯುತ್ತದೆ. ಕ್ಯಾಲ್ಸಿಯಂ ವಾಪಸ್ ಹಾಕಿದರೆ ಮತ್ತೆ ಸೇರಿಕೊಳ್ಳುತ್ತವೆ. ಇದನ್ನು ನೋಡಿದ ಮೇಲೆ ಯಾರಿಗೆ ‘ಅಂಟು’ ಅನ್ನಲು ಮನಸ್ಸು ಬಂದೀತು?

ಒಳಗಡೆಯೂ ಕೆಲಸ ಇದೆ. ಕ್ಯಾಡ್‌ಹೆರಿನ್‌ನ ಬಾಲ ಬೀಟಾ-ಕ್ಯಾಟೆನಿನ್‌ಗೆ, ಅದು ಆಲ್ಫಾ-ಕ್ಯಾಟೆನಿನ್‌ಗೆ, ಅದು ಕೋಶದ ಒಳಗಿನ ಆಕ್ಟಿನ್ ಎಳೆಗಳಿಗೆ ಸಿಕ್ಕಿಕೊಂಡಿರುತ್ತದೆ. ಕ್ಯಾಟೆನಿನ್‌ಗಳೂ ಪ್ರೋಟೀನುಗಳೇ. ‘ಕ್ಯಾಟೆನಾ’ ಎಂದರೆ ಲ್ಯಾಟಿನ್‌ನಲ್ಲಿ ಸರಪಳಿ. ಸರಪಳಿಯ ಒಂದೊಂದು ಬಳೆಗೆ ನಾವು ಏನಂತೀವಿ? ಕೊಂಡಿ.

ಹಾಗಾಗಿ ನನ್ನ ಸೂಚನೆ: ಕೋಶಕೊಂಡಿ. ಒಂದು ಕೊಂಡಿ, ನೂರು ಕೊಂಡಿ ಅಂತ ಎಣಿಸಬಹುದು. ಕೊಂಡಿ ಹಾಕುತ್ತೇವೆ, ಕೊಂಡಿ ಕಳಚುತ್ತೇವೆ, ಕೊಂಡಿ ತಪ್ಪುತ್ತದೆ, ಕೊಂಡಿ ಸಡಿಲವಾಗುತ್ತದೆ. ಬೇಕಾದ ಕ್ರಿಯಾಪದಗಳೆಲ್ಲ ಆಗಲೇ ಬಳಕೆಯಲ್ಲಿವೆ, ಒಂದನ್ನೂ ಹೊಸದಾಗಿ ಕಟ್ಟಬೇಕಿಲ್ಲ. ಜೊತೆಗೆ ಈ ಪ್ರೋಟೀನುಗಳು ಸುಮ್ನೆ ಹಿಡಿದುಕೊಂಡು ನಿಂತಿರುವುದಿಲ್ಲ. ಹೊರಗೆ ಏನಾಗುತ್ತಿದೆ ಅನ್ನುವ ಸುದ್ದಿಯನ್ನು ಒಳಕ್ಕೂ ದಾಟಿಸುತ್ತವೆ. ‘ಸಂಪರ್ಕದ ಕೊಂಡಿ’ ಅನ್ನುವಾಗ ಆ ಅರ್ಥವೂ ಅದರಲ್ಲೇ ಸಿಗುತ್ತದೆ.

‘ಪಟ್ಟು’ ಅನ್ನುವುದನ್ನೂ ಯೋಚಿಸಿದ್ದೆ. ಕುಸ್ತಿಯ ಪಟ್ಟು, ಪಟ್ಟು ಹಾಕು, ಪಟ್ಟು ಸಡಿಲಿಸು, ಸೊಗಸಾದ ಪದ. ಆದರೆ ಅಂಕಿಅಂಶ ಬಂದ ಕಡೆ ‘ಪಟ್ಟುಗಳು ಹತ್ತು ಪಟ್ಟು ಹೆಚ್ಚಾದವು’ ಅಂತ ಬರೆಯಬೇಕಾಗಿ ಬಂದಾಗ ಕೈಬಿಟ್ಟೆ. ‘ಬೆಸುಗೆ’ ಒಮ್ಮೆ ಬಿದ್ದರೆ ಬಿಡಿಸುವ ಮಾತೇ ಇಲ್ಲ. ‘ಹಿಡಿತ’ ಎಂದರೆ ಹತೋಟಿ ಅಂತಲೂ ಆಗುತ್ತದೆ. ‘ಹಿಡಿತ ತಪ್ಪಿದ ಕ್ಯಾನ್ಸರ್’ ಅಂದರೆ ವೈದ್ಯರ ಕೈಮೀರಿದ್ದು ಅಂತಲೇ ಓದುತ್ತಾರೆ.

ಈಗ ಈ ಪದವನ್ನು ವಿಷಯದೊಳಗೆ ಇಟ್ಟು ನೋಡೋಣ, ನಿಲ್ಲುತ್ತದಾ ಅಂತ.

ಕ್ಯಾನ್ಸರ್ ಕೋಶಗಳ ಪರಸ್ಪರ ಹಿಡಿತ ಸಡಿಲ ಅನ್ನುವುದು ಹಳೆಯ ಮಾತು. 1944ರಲ್ಲಿ ಡೇಲ್ ಕೋಮನ್ ಎಂಬ ವಿಜ್ಞಾನಿ ಜೋಡಿಯಾಗಿದ್ದ ಕೋಶಗಳನ್ನು ಸೂಕ್ಷ್ಮ ಸೂಜಿಗಳಿಂದ ಎಳೆದು ಬೇರೆ ಮಾಡಿ, ಎಷ್ಟು ಬಲ ಬೇಕಾಯಿತು ಅಂತ ಅಳೆದರು. ಕ್ಯಾನ್ಸರ್ ಕೋಶಗಳು ಮಾಮೂಲಿ ಕೋಶಗಳಿಗಿಂತ ಸುಲಭವಾಗಿ ಬಿಟ್ಟುಕೊಂಡವು. ಯಾವ ಪ್ರೋಟೀನು, ಏನು ಕತೆ ಅಂತ ಆಗ ಗೊತ್ತಿರಲಿಲ್ಲ. ಮುಂದೆ ಅಂಗಗಳ ಮೈ ಹೊದಿಸುವ ಪದರದ ಕೋಶಗಳಲ್ಲಿ ಮುಖ್ಯ ಕೊಂಡಿ ‘ಇ-ಕ್ಯಾಡ್‌ಹೆರಿನ್’ ಅಂತ ತಿಳಿಯಿತು. ಆ ಪದರದಲ್ಲಿ ಹುಟ್ಟುವ ಅನೇಕ ಕ್ಯಾನ್ಸರ್‌ಗಳಲ್ಲಿ ಇದು ಕಡಿಮೆಯಾಗಿರುತ್ತದೆ, ಇಲ್ಲವೇ ಪೂರ್ತಿ ಹೋಗಿರುತ್ತದೆ.

ಇದನ್ನು ಚೆನ್ನಾಗಿ ತೋರಿಸುವುದು ಸ್ತನದ ಲಾಬ್ಯುಲಾರ್ ಕ್ಯಾನ್ಸರ್ (ಹಾಲು ತಯಾರಿಸುವ ಗ್ರಂಥಿಗಳಾದ ಲಾಬ್ಯುಲ್‌ಗಳಿಂದ ಬಂದ ಹೆಸರು). ಸುತ್ತಲ ಅಂಗಾಂಶಕ್ಕೆ ನುಗ್ಗಿದ ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು ನೂರಕ್ಕೆ 10ರಿಂದ 15 ಈ ಬಗೆಯವು. ತುಣುಕು ತೆಗೆದು, ತೆಳ್ಳಗೆ ಕೊಯ್ದು, ಇ-ಕ್ಯಾಡ್‌ಹೆರಿನ್ ಇರುವ ಕಡೆ ಕಂದು ಬಣ್ಣ ಹತ್ತುವ ಹಾಗೆ ಮಾಡಿ ಸೂಕ್ಷ್ಮದರ್ಶಕದಲ್ಲಿ ಇಡುತ್ತಾರೆ. ಮಾಮೂಲಿ ಹಾಲುನಾಳದ ಕೋಶಗಳಿಗೆ ಒಂದೊಂದಕ್ಕೂ ಸುತ್ತ ಕಂದು ಗೆರೆ ಎಳೆದಂತೆ ಕಾಣುತ್ತದೆ. ಲಾಬ್ಯುಲಾರ್ ಕೋಶಗಳಿಗೆ ಸಾಮಾನ್ಯವಾಗಿ ಆ ಗೆರೆ ಇರುವುದೇ ಇಲ್ಲ. ಅವು ಗುಂಪಾಗಿಯೂ ಇರುವುದಿಲ್ಲ, ನಾರಿನ ಎಳೆಗಳ ನಡುವೆ ಒಂದರ ಹಿಂದೆ ಒಂದು ಒಂಟಿ ಸಾಲಾಗಿ ನಿಂತಿರುತ್ತವೆ. ಕೊಂಡಿ ಕಳಚಿದ್ದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಗಂಟು ಕಟ್ಟುವ ಅಭ್ಯಾಸ ಕಡಿಮೆ ಇರುವುದರಿಂದ ಕೈಗೆ ಸಿಗುವುದೂ ಕಷ್ಟ, ಮ್ಯಾಮೋಗ್ರಾಂನಲ್ಲಿ ಕಾಣುವುದೂ ಕಷ್ಟ.

ಹೊಟ್ಟೆಯಲ್ಲೂ ಇದೇ ಕತೆ. ಇ-ಕ್ಯಾಡ್‌ಹೆರಿನ್ ತಯಾರಿಸುವ ಜೀನ್ ಸಿಡಿಎಚ್1, ಇರುವುದು 16ನೇ ವರ್ಣತಂತುವಿನಲ್ಲಿ. 1998ರಲ್ಲಿ ಪ್ಯಾರಿ ಗಿಲ್ಫರ್ಡ್ ಮತ್ತು ಸಂಗಡಿಗರು ನ್ಯೂಜಿಲೆಂಡಿನ ಮಾವೋರಿ ಕುಟುಂಬಗಳಲ್ಲಿ ತಲೆಮಾರುಗಳಿಂದ ಬರುತ್ತಿದ್ದ ಜಠರದ ಕ್ಯಾನ್ಸರ್‌ಗೆ ಈ ಜೀನಿನ ದೋಷವೇ ಕಾರಣ ಎಂದು ತೋರಿಸಿದರು. ಅಲ್ಲೂ ಕೋಶಗಳು ಗಡ್ಡೆ ಕಟ್ಟದೆ ಜಠರದ ಗೋಡೆಯೊಳಗೆ ಚದುರಿಕೊಂಡಿರುತ್ತವೆ. ಎಂಡೋಸ್ಕೋಪಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೇ ಈ ದೋಷ ಇರುವವರಿಗೆ ಕ್ಯಾನ್ಸರ್ ಕಾಣಿಸುವ ಮೊದಲೇ ಜಠರ ತೆಗೆಸಿಕೊಳ್ಳುವ ಸಲಹೆ ಕೊಡುವುದುಂಟು.

ಜೀನ್ ಕೆಡದೆಯೂ ಕೊಂಡಿ ಹೋಗಬಹುದು. ‘ಸ್ನೇಲ್’ ಎಂಬ ಪ್ರೋಟೀನು ಸಿಡಿಎಚ್1 ಜೀನನ್ನು ಅದುಮಿಡುತ್ತದೆ ಎಂದು 2000ದಲ್ಲಿ ಗೊತ್ತಾಯಿತು. (ದಯವಿಟ್ಟು ಇದನ್ನು ಯಾರೂ ‘ಬಸವನಹುಳು ಪ್ರೋಟೀನು’ ಅಂತ ಕನ್ನಡಿಸಬೇಡಿ. ಹೆಸರು ಹೆಸರಾಗೇ ಇರಲಿ.) ಇಂಥ ಕಡೆ ಕೋಶ ಇ-ಕ್ಯಾಡ್‌ಹೆರಿನ್ ಕಳಚಿ ಎನ್-ಕ್ಯಾಡ್‌ಹೆರಿನ್ ಎಂಬ ಅದೇ ಗುಂಪಿನ ಇನ್ನೊಂದು ಕೊಂಡಿ ಹಾಕಿಕೊಳ್ಳುವುದೂ ಉಂಟು. ಕೊಂಡಿ ಬದಲಿಸುವುದು ಅಂದರೆ ಅರ್ಥವಾಗುತ್ತದೆ. ‘ಅಂಟು ಬದಲಿಸುವುದು’ ಅಂದರೆ ಏನೂ ಆಗುವುದಿಲ್ಲ.

ಇಷ್ಟಕ್ಕೆ ನಿಲ್ಲಿಸಿದ್ದರೆ ‘ಕೊಂಡಿ ಕಳಚಿತು, ಕ್ಯಾನ್ಸರ್ ಹರಡಿತು’ ಅಂತ ಒಂದೇ ಸಾಲಿನಲ್ಲಿ ಮುಗಿಸಬಹುದಿತ್ತು. ಬಹಳ ಬರಹಗಳು ಹಾಗೇ ಮುಗಿಸುತ್ತವೆ. ಆದರೆ ಅದು ಅರ್ಧ ಸತ್ಯ. ಲಾಬ್ಯುಲಾರ್ ಅಲ್ಲದ, ಜಾಸ್ತಿ ಕಾಣಸಿಗುವ ಡಕ್ಟಲ್ (ಹಾಲುನಾಳದ ಹೆಸರಿನ) ಸ್ತನ ಕ್ಯಾನ್ಸರ್‌ನಲ್ಲಿ ಇ-ಕ್ಯಾಡ್‌ಹೆರಿನ್ ಸಾಮಾನ್ಯವಾಗಿ ಉಳಿದೇ ಇರುತ್ತದೆ. ಬೇರೆ ಅಂಗಕ್ಕೆ ಹೋಗಿ ಬೆಳೆದ ಗಡ್ಡೆಯಲ್ಲೂ ಇರುತ್ತದೆ. 2019ರಲ್ಲಿ ಆಂಡ್ರ್ಯೂ ಇವಾಲ್ಡ್ ಅವರ ತಂಡ ಇಲಿಗಳಲ್ಲಿ, ಪ್ರಯೋಗಶಾಲೆಯ ಮಾದರಿಗಳಲ್ಲಿ ಡಕ್ಟಲ್ ಗಡ್ಡೆಯ ಇ-ಕ್ಯಾಡ್‌ಹೆರಿನ್ ತೆಗೆದು ನೋಡಿತು. ಕೋಶಗಳು ಸುತ್ತಮುತ್ತ ನುಗ್ಗುವುದೇನೋ ಹೆಚ್ಚಾಯಿತು. ಆದರೆ ದೂರದ ಅಂಗದಲ್ಲಿ ಗಡ್ಡೆ ಕಟ್ಟುವುದು ಕಡಿಮೆಯಾಯಿತು, ಯಾಕೆಂದರೆ ದಾರಿಯಲ್ಲೇ ಬಹಳಷ್ಟು ಕೋಶಗಳು ಸತ್ತವು. ಅಂದರೆ ಕೊಂಡಿ ಕೋಶವನ್ನು ಕಟ್ಟಿಹಾಕುವುದೂ ಹೌದು, ಬದುಕಿಸಿಡುವುದೂ ಹೌದು.

ಇದಕ್ಕೂ ಮೊದಲು, 2014ರಲ್ಲಿ, ನಿಕೋಲಾ ಅಚೆಟೊ ಮತ್ತು ಸಂಗಡಿಗರು ರಕ್ತದಲ್ಲಿ ಹರಿಯುವ ಕ್ಯಾನ್ಸರ್ ಕೋಶಗಳನ್ನು ನೋಡಿದ್ದರು. ಹೆಚ್ಚಿನವು ಒಂಟಿ. ಅಲ್ಲೊಂದು ಇಲ್ಲೊಂದು ಗೊಂಚಲು. ಇಲಿಗಳಲ್ಲಿ ಲೆಕ್ಕ ಹಾಕಿದಾಗ ಗೊಂಚಲುಗಳು ಒಂಟಿ ಕೋಶಗಳಿಗಿಂತ 23ರಿಂದ 50 ಪಟ್ಟು ಹೆಚ್ಚು ಸಮರ್ಥವಾಗಿ ಹೊಸ ಗಡ್ಡೆ ಕಟ್ಟಿದವು. ಗೊಂಚಲನ್ನು ಹಿಡಿದಿಟ್ಟಿದ್ದು ಪ್ಲಾಕೊಗ್ಲೋಬಿನ್, ಇದೂ ಕೊಂಡಿ ವ್ಯವಸ್ಥೆಯ ಒಂದು ಭಾಗವೇ. ಅದನ್ನು ಕಡಿಮೆ ಮಾಡಿದರೆ ಗೊಂಚಲು ಒಡೆಯಿತು, ಶ್ವಾಸಕೋಶದ ಗಡ್ಡೆಗಳೂ ಕಡಿಮೆಯಾದವು.

ಇಂಟೆಗ್ರಿನ್ ಎಂಬ ಇನ್ನೊಂದು ಬಗೆಯ ಕೊಂಡಿಗಳ ಕಡೆ ಬಂದರೆ ‘ಕೋಶಕೊಂಡಿ’ಗೆ ಇನ್ನೊಂದು ಪರೀಕ್ಷೆ. ಇವು ಹೆಚ್ಚಾಗಿ ಪಕ್ಕದ ಕೋಶವನ್ನು ಹಿಡಿಯುವುದಿಲ್ಲ, ಕೋಶದ ಸುತ್ತಲಿನ ನಾರುಬಲೆಯನ್ನು ಹಿಡಿಯುತ್ತವೆ. ಮನುಷ್ಯರಲ್ಲಿ 18 ಆಲ್ಫಾ, 8 ಬೀಟಾ ತುಂಡುಗಳು ಬೇರೆ ಬೇರೆ ರೀತಿ ಜೋಡಿಯಾಗಿ 24 ಇಂಟೆಗ್ರಿನ್‌ಗಳು ಆಗಿವೆ. ಹೊದಿಕೆ ಪದರದ ಮಾಮೂಲಿ ಕೋಶ ಈ ನೆಲೆಯಿಂದ ಕಿತ್ತುಬಂದರೆ ತಾನಾಗಿ ಸಾಯುತ್ತದೆ. ಸ್ಟೀವನ್ ಫ್ರಿಶ್ ಮತ್ತು ಹಂಟರ್ ಫ್ರಾನ್ಸಿಸ್ 1994ರಲ್ಲಿ ಇದಕ್ಕೆ ‘ಅನೋಯ್ಕಿಸ್’ ಅಂತ ಗ್ರೀಕ್ ಹೆಸರಿಟ್ಟರು, ಮನೆಯಿಲ್ಲದಿರುವುದು ಅಂತ ಅರ್ಥ. ಕ್ಯಾನ್ಸರ್ ಕೋಶ ಈ ಸಾವನ್ನು ತಪ್ಪಿಸಿಕೊಳ್ಳಲು ಕಲಿತಿರುತ್ತದೆ. ಇಲ್ಲದಿದ್ದರೆ ರಕ್ತದಲ್ಲಿ ಅದರ ಪ್ರಯಾಣವೇ ಇರುತ್ತಿರಲಿಲ್ಲ. ಅನೋಯ್ಕಿಸ್‌ಗೆ ನಾನು ಸದ್ಯಕ್ಕೆ ‘ನೆಲೆಗೆಟ್ಟ ಸಾವು’ ಅಂತ ಬರೆದಿಟ್ಟಿದ್ದೇನೆ, ಅಷ್ಟು ತೃಪ್ತಿ ಇಲ್ಲ.

ಕೊಂಡಿಗೆ ಬೀಗ ಹಾಕಿದರೆ ಕ್ಯಾನ್ಸರ್ ನಿಲ್ಲುತ್ತದೆ ಅಂತ ಓದುಗರಿಗೆ ಅನ್ನಿಸುವುದು ಸಹಜ. ಅಷ್ಟು ಸುಲಭ ಇಲ್ಲ. ಇಂಟೆಗ್ರಿನ್ ಅಡ್ಡಗಟ್ಟುವ ‘ಸಿಲೆಂಗಿಟೈಡ್’ ಎಂಬ ಔಷಧ ಗ್ಲಿಯೊಬ್ಲಾಸ್ಟೋಮಾ ಎಂಬ ಮೆದುಳಿನ ಕ್ಯಾನ್ಸರ್‌ನ ರೋಗಿಗಳ ದೊಡ್ಡ ಪರೀಕ್ಷೆಯಲ್ಲಿ ಆಯಸ್ಸು ಹೆಚ್ಚಿಸಲಿಲ್ಲ, 2014ರಲ್ಲಿ ಫಲಿತಾಂಶ ಹೊರಬಂತು.

ಸೆಲೆಕ್ಟಿನ್ ಎಂಬ ಮತ್ತೊಂದು ಬಗೆಯ ಕೊಂಡಿಗಳದ್ದು ಬೇರೆಯೇ ಗತ್ತು. ಇವು ರಕ್ತನಾಳದ ಒಳಗೋಡೆಯ ಮೇಲೆ, ಪ್ಲೇಟ್‌ಲೆಟ್ ಮತ್ತು ಬಿಳಿ ರಕ್ತಕಣಗಳ ಮೇಲೆ ಇರುತ್ತವೆ. ಹಿಡಿಯುವುದು ಪ್ರೋಟೀನಿನ ಮೇಲಿನ ಸಕ್ಕರೆ ಸರಪಳಿಗಳನ್ನು. ಕ್ಷಣಕ್ಕೆ ಹಿಡಿದು ಬಿಡುತ್ತವೆ, ಹಾಗಾಗಿ ಬಿಳಿ ರಕ್ತಕಣ ಗೋಡೆಯ ಮೇಲೆ ಉರುಳುತ್ತಾ ನಿಧಾನವಾಗುತ್ತದೆ. ಕೆಲವು ಕ್ಯಾನ್ಸರ್ ಕೋಶಗಳು ಅದೇ ಸಕ್ಕರೆಗಳನ್ನು ತಮ್ಮ ಮೈಮೇಲೆ ಹೊತ್ತು ಅದೇ ದಾರಿ ಹಿಡಿಯುತ್ತವೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಲ್ಲಿ ‘ಸಿಎ 19-9’ ರಕ್ತಪರೀಕ್ಷೆ ಮಾಡಿಸುತ್ತಾರಲ್ಲ, ಆ ಪರೀಕ್ಷೆ ಅಳೆಯುವುದು ಇಂಥ ಒಂದು ಸಕ್ಕರೆಯನ್ನೇ. ಅದರ ಪೂರ್ತಿ ಹೆಸರು ಸಿಯಾಲಿಲ್ ಲೂಯಿಸ್-ಎ. ಅದನ್ನು ತಯಾರಿಸುವ ಶಕ್ತಿಯೇ ಇಲ್ಲದ ಜನರೂ ಇದ್ದಾರೆ. ಅವರಲ್ಲಿ ಕ್ಯಾನ್ಸರ್ ಇದ್ದರೂ ಈ ಅಂಕಿ ಸಾಮಾನ್ಯವಾಗಿ ಏರುವುದಿಲ್ಲ. ವರದಿ ಓದುವವರಿಗೆ ಇದು ಗೊತ್ತಿದ್ದರೆ ಒಳ್ಳೆಯದು.

ಇನ್ನು ‘ಹರಡು’ ಅನ್ನುವ ಕ್ರಿಯಾಪದ. ಇದೂ ‘ಅಂಟು’ ಇದ್ದ ಹಾಗೇ, ಸುದ್ದಿ ಹರಡುತ್ತದೆ, ಸೋಂಕು ಹರಡುತ್ತದೆ, ಕ್ಯಾನ್ಸರೂ ಹರಡುತ್ತದೆ. ರೂಢಿಯಲ್ಲಿ ಬೇರೂರಿದೆ, ಕಿತ್ತುಹಾಕಲು ಆಗುವುದಿಲ್ಲ. ಆದರೆ ವೈದ್ಯರು ಎರಡಾಗಿ ನೋಡುವುದನ್ನು ಇದು ಒಂದೇ ಮಾಡಿಬಿಡುತ್ತದೆ. ಇದ್ದಲ್ಲಿಂದಲೇ ಸುತ್ತಲಿಗೆ ನುಗ್ಗುವುದು ಒಂದು. ರಕ್ತ ಅಥವಾ ದುಗ್ಧನಾಳದ ಮೂಲಕ ದೂರ ಹೋಗಿ ಹೊಸ ಗಡ್ಡೆಯಾಗುವುದು ಇನ್ನೊಂದು. ಮೊದಲನೆಯದಕ್ಕೆ ನಮ್ಮಲ್ಲಿ ‘ಹಬ್ಬು’ ಇದೆ: ಬುಡ ಬಿಡದೆ ಮುಂದಕ್ಕೆ ಸಾಗುವುದು. ಎರಡನೆಯದಕ್ಕೆ ‘ಸ್ಥಾನಾಂತರ’ ಅಂತ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಸ್ಥಾನಾಂತರ ಎಂದರೆ ಮೊದಲಿನ ಜಾಗ ಖಾಲಿಯಾಗಬೇಕು. ಇಲ್ಲಿ ಮೂಲ ಗಡ್ಡೆ ಅಲ್ಲೇ ಇರುತ್ತದೆ. ‘ದೂರ ನೆಲೆಯೂರುವುದು’ ಅಂದರೆ ಹೇಗೆ? ಹೊರಟವುಗಳಲ್ಲಿ ನೆಲೆಯೂರುವುದು ತೀರಾ ಕೆಲವೇ. 1970ರಲ್ಲಿ ಐಸಾಯಾ ಫಿಡ್ಲರ್ ಇಲಿಗಳ ರಕ್ತಕ್ಕೆ ಗುರುತು ಹಚ್ಚಿದ ಕ್ಯಾನ್ಸರ್ ಕೋಶಗಳನ್ನು ಬಿಟ್ಟು ನೋಡಿದಾಗ ಒಂದು ದಿನದ ನಂತರ ಬದುಕುಳಿದದ್ದು ನೂರಕ್ಕೆ 0.1ಕ್ಕಿಂತಲೂ ಕಡಿಮೆ. ಯಾವ ಅಂಗದಲ್ಲಿ ಊರುತ್ತವೆ ಅನ್ನುವುದೂ ಅಡ್ಡಾದಿಡ್ಡಿ ಅಲ್ಲ. ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಇದನ್ನು ಬೀಜ ಮತ್ತು ಮಣ್ಣಿನ ಮಾತಿನಲ್ಲಿ ಹೇಳಿದ್ದರು. ನೆಲೆಯೂರುವುದು ಅನ್ನುವ ಪದ ಆ ಕಷ್ಟವನ್ನೂ ಆ ಆಯ್ಕೆಯನ್ನೂ ಸೂಚಿಸುತ್ತದೆ ಅಂತ ನನಗನ್ನಿಸುತ್ತದೆ. ‘ಹರಡು’ ಎರಡನ್ನೂ ಹೇಳುವುದಿಲ್ಲ, ನೀರು ಚೆಲ್ಲಿದಂತೆ ಕೇಳಿಸುತ್ತದೆ.

‘ಕೋಶಕೊಂಡಿ’ಗೆ ಬರಬಹುದಾದ ಆಕ್ಷೇಪಗಳನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಸಂಸ್ಕೃತದ ಕೋಶಕ್ಕೆ ಕನ್ನಡದ ಕೊಂಡಿ ಸೇರಿಸಿದರೆ ಅರಿಸಮಾಸ ಅಂತ ಕೆಲವರು ಹುಬ್ಬೇರಿಸುತ್ತೀರಿ. ‘ಅಂಟುರೋಗ’ವೂ ಅರಿಸಮಾಸವೇ, ಅದು ಯಾರ ನಾಲಿಗೆಯನ್ನೂ ತಡೆದಿಲ್ಲ. ಚೇಳಿನ ಕೊಂಡಿ ನೆನಪಾಗುತ್ತದೆ ಅನ್ನಬಹುದು. ‘ಕೋಶ’ ಜೊತೆಗಿದ್ದಾಗ ಆ ಅರ್ಥ ಬರುವುದು ಕಷ್ಟ. ವೆಬ್ ಕೊಂಡಿ ಜೊತೆ ಗೊಂದಲ ಆಗಬಹುದೇ ಅನ್ನುವುದು ಮಾತ್ರ ನನಗೂ ಇರುವ ಅನುಮಾನ, ಅದರಲ್ಲೂ ಬರಹ ಆನ್‌ಲೈನ್‌ನಲ್ಲಿ ಬರುವಾಗ.

ನಿಮ್ಮಿಂದ ಬೇಕಿರುವುದು ಇಷ್ಟು. ‘ಕೋಶಕೊಂಡಿ’ ಒಪ್ಪಿಗೆಯೇ, ಅಥವಾ ಇದಕ್ಕಿಂತ ಒಳ್ಳೆಯದು ಈಗಾಗಲೇ ಯಾರಾದರೂ ಬಳಸಿದ್ದಾರೆಯೇ? ‘ಅನೋಯ್ಕಿಸ್’ಗೆ ಒಂದೇ ಪದದಲ್ಲಿ ಏನಾದರೂ ಸಿಗುತ್ತದಾ? ‘ಹಬ್ಬು’ ಮತ್ತು ‘ನೆಲೆಯೂರು’ ಅಂತ ಬೇರೆ ಮಾಡಿ ಬರೆದರೆ ರೋಗಿಗಳ ಮನೆಯವರಿಗೆ ವ್ಯತ್ಯಾಸ ತಿಳಿಯುತ್ತದಾ, ಅಥವಾ ಪ್ರತಿ ಸಲ ‘ಹರಡುವುದು’ ಅಂತ ಪಕ್ಕದಲ್ಲಿ ಹಾಕಲೇಬೇಕಾ? ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಕನ್ನಡದಲ್ಲಿ ಮಾತಾಡುವ ವೈದ್ಯರು, ನರ್ಸ್‌ಗಳು ಈ ಬಳಗದಲ್ಲಿದ್ದರೆ ಅವರ ಅಭಿಪ್ರಾಯ ಮೊದಲು ಬರಲಿ.